ಬಳ್ಳಿ ಬೇಡವೆಂದ ವರ್ಷ

ಜನವರಿ ೧೨

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬೈಯುವುದಿದ್ದರೆ ಬಂದು ಎದುರಿಗೇ ಬೈದುಬಿಡು, ನನಗೂ ಮಾತಿಗೊಂದು ಜನ ಸಿಕ್ಕಂತಾಗುತ್ತದೆ. ಇಲ್ಲಿ ಚಳಿಯೆಂದರೆ ಚಳಿ. ಹಿತ್ತಿಲ ನಲ್ಲಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ.

ನಿನ್ನ ಭಾವನ ವಿಷಯ ಕೇಳಿದ್ದೀಯ. ಏನಂತ ಬರೆಯಲಿ? ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಬೇಸಿಗೆ ನೋಡುವುದು ಕಷ್ಟ ಎಂದರು. ನಾನು ಒಳಗೆ ಬಂದು, ಎದೆಯ ಕಫ ಕರಗಿದರೆ ಎದ್ದು ಓಡಾಡುತ್ತೀರಂತೆ ಎಂದು ಸುಳ್ಳು ಪೋಣಿಸಿದೆ. ನಂಬಿದ್ದಾರೆ. ನೀನೂ ಕಾಗದದಲ್ಲಿ ಬಾಯಿ ಬಿಡಬೇಡ.

ಮೊನ್ನೆ ಅಂಚೆಯಲ್ಲಿ ಬೀಜದ ಕ್ಯಾಟಲಾಗು ಬಂತು. ಪ್ರತಿ ಚಳಿಗಾಲದ ನಮ್ಮ ಜಗಳ ನಿನಗೆ ಗೊತ್ತೇ ಇದೆ. ನಿನ್ನ ಭಾವ, ನಮ್ಮ ಬಡಗಿ ಮಹಾಶಯರಿಗೆ ಬೇಕಾದದ್ದೆಲ್ಲ ಹಬ್ಬುವ ಬಳ್ಳಿಗಳೇ. ಬಟಾಣಿ, ಸೌತೆ, ಬಳ್ಳಿ ಬೀನ್ಸು, ಹಿಂದೊಮ್ಮೆ ಯಾರೂ ತಿನ್ನದ ಯಾವುದೋ ಸೋರೆ. ಚಪ್ಪರ ಕಟ್ಟಲು ಒಂದು ನೆಪ ಬೇಕು, ಅಷ್ಟೆ. ನಾನು ಮೂಲಂಗಿಗೆ ಗುರುತು ಹಾಕಿದರೆ, ಮಣ್ಣಲ್ಲಿ ಮುಖ ಹುದುಗಿಸಿಕೊಂಡಿರುವುದು ನಮಗ್ಯಾಕೆ ಎಂದು ಅಳಿಸಿಬಿಡುತ್ತಿದ್ದರು.

ಈ ಸಲ ದಿಂಬಿಗೆ ಒರಗಿಸಿ ಕೂರಿಸಿ, ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಅದೇ ಪೆನ್ಸಿಲ್ ಕೊಟ್ಟೆ. ಮೂಲಂಗಿ, ಪಾಲಕ್, ಬೀಟ್‌ರೂಟ್ ಎಂದು ತಾವಾಗಿಯೇ ಗುರುತು ಹಾಕುತ್ತಾ ಹೋದರು. ಬಳ್ಳಿಗಳ ಪುಟ ಬಂದಾಗ ನೋಡದೆ ಮಗುಚಿದರು. ಅಂತೂ ಸೋತಿರಲ್ಲ ಎಂದು ಛೇಡಿಸಿದೆ. ಸುಮ್ಮನೆ ನಕ್ಕರು. ಇಷ್ಟು ವರ್ಷಕ್ಕೆ ಗೆದ್ದೆನಲ್ಲ ಎಂದು ಹಿಗ್ಗಿಕೊಂಡು ಹಾಲು ಬಿಸಿ ಮಾಡಲು ಒಳಗೆ ಹೋದೆ. ನನ್ನ ದಡ್ಡತನಕ್ಕೆ ಏನೆನ್ನಬೇಕೋ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ಮಕ್ಕಳಿಗೆ ಬೆಚ್ಚಗೆ ಹೊದಿಸು. ನೂರು ಕಾಲ ಜೋಡಿಯಾಗಿ ಬಾಳಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ, ಒಳಗೇ ಇಟ್ಟುಕೊಂಡಿರಲು ಆಗುತ್ತಿಲ್ಲ. ಹಾಲು ಕುಡಿಸುತ್ತಾ, ಒಂದು ಬಳ್ಳಿಯಾದರೂ ಇರಲಿ, ನಿಮ್ಮ ಬೀನ್ಸಿಗೆ ಗುರುತು ಹಾಕುತ್ತೇನೆ ಎಂದೆ. ನನ್ನ ಕೈ ಹಿಡಿದು ತಡೆದರು.

"ಬೇಡ ಕಣೇ. ಏಣಿ ಹತ್ತೋಕೆ ಹೋದ್ರೆ ನಿನ್ನ ಮಂಡಿ ಕೈಕೊಡುತ್ತೆ. ಇವನ್ನೆಲ್ಲ ಕೂತ್ಕೊಂಡೇ ಕೀಳಬಹುದು. ಒಬ್ಬಳೇ ಆದ್ರೂ."

ಏಣಿ ಹತ್ತಲು ನೀವಿದ್ದೀರಲ್ಲ ಎನ್ನಬೇಕಿತ್ತು. ನನ್ನ ಬಾಯಿಂದ ಆ ಒಂದು ಸುಳ್ಳು ಹೊರಡಲಿಲ್ಲ, ಪುಟ್ಟಿ.