ಬೇಸಾಯಗಾರ ಮೇಷ್ಟ್ರಿಗೆ

ಏನ್ರೀ ಬೇಸಾಯಗಾರರೇ,

ಗೊರಕೆ ಮುಗೀತಾ? ಶಾಂತಲಾನ ಸ್ಕೂಲಿಗೆ ಸೇರಿಸೋಕೆ ಕರ್ಕೊಂಡು ಹೊರಟೆ. ಕೆ.ಆರ್. ನಗರದ ಕಾನ್ವೆಂಟಿಗಲ್ಲ, ನೀವು ಪಾಠ ಮಾಡೋ ನಮ್ಮೂರ ಸರ್ಕಾರಿ ಸ್ಕೂಲಿಗೆ. ಹೆಡ್‌ಮೇಷ್ಟ್ರ ಹತ್ರ ನಿನ್ನೆ ಸಂಜೆನೇ ಮಾತಾಡಿದೀನಿ.

ಉಪ್ಪಿಟ್ಟು ಒಲೆ ಪಕ್ಕ ಮುಚ್ಚಿಟ್ಟಿದೀನಿ. ಸಿಟ್ಟಲ್ಲಿ ಉಪ್ಪು ಜಾಸ್ತಿ ಬಿದ್ದಿದೆ, ಸುಮ್ನೆ ತಿನ್ನಿ.

ನಿನ್ನೆ ಕಾನ್ವೆಂಟಲ್ಲಿ ಆ ಸಿಸ್ಟರು ನಿಮ್ಮ ಕೆಲಸ ಏನು ಅಂತ ಕೇಳಿದ್ರೆ "ಬೇಸಾಯ" ಅಂದ್ರಲ್ಲ! ಗುದ್ದಲಿ ಯಾವ ಕಡೆ ಹಿಡೀಬೇಕು ಅಂತಾದ್ರೂ ಗೊತ್ತೇನ್ರೀ ನಿಮಗೆ? ಊರ ಮಕ್ಕಳಿಗೆಲ್ಲ ಬಡಿಸಿ, ಸ್ವಂತ ಮಗಳನ್ನ ಬೇರೆ ಹೋಟ್ಲಿಗೆ ಊಟಕ್ಕೆ ಕಳಿಸೋ ಅಡುಗೆಭಟ್ಟನ್ನ ಯಾರಾದ್ರೂ ನಂಬ್ತಾರಾ? ಬರ್ತಾ ಬಸ್ಸಲ್ಲಿ ಮಗು ಕೇಳಿದ್ದೇ ಕೇಳಿದ್ದು, "ಅವ್ವ, ಅಪ್ಪ ಮೇಷ್ಟ್ರಲ್ವಾ?" ಅಂತ. ನೀವು ಕಿಟಕಿ ಆಚೆ ಗದ್ದೆ ನೋಡ್ತಾ ಕೂತ್ರಿ.

ನಿಮ್ಮ ಪಾಠ ನಾನು ಸ್ಕೂಲ್ ಜಗಲೀಲಿ ನಿಂತು ಕೇಳಿದೀನಿ ಕಣ್ರೀ. ನಾಚಿಕೆ ಪಡೋ ಪಾಠ ಅಲ್ಲ ಅದು.

ಕಾನ್ವೆಂಟಲ್ಲಿ ಸೀಟು ಸಿಗೋಕೆ ಮುಂಚೆನೇ ಮಗಳಿಗೆ ತಂದಿಟ್ಟಿದ್ರಲ್ಲ ಟೈ, ಅದನ್ನ ಹುಡುಕಬೇಡಿ. ಕರುವಿನ ಕೊರಳಿಗೆ ಅದರಲ್ಲೇ ಗಂಟೆ ಕಟ್ಟಿದೀನಿ. ಚೆನ್ನಾಗಿ ಒಪ್ಪುತ್ತೆ.

ಬೀಗದ ಕೈ ಪಕ್ಕದ ಮನೆ ಚಾಮುಂಡಮ್ಮನಿಗೆ ಕೊಟ್ಟು ಬನ್ನಿ. ಇಸ್ತ್ರಿ ಮಾಡಿದ ಬಿಳೀ ಶರ್ಟು ಗೂಟದಲ್ಲಿದೆ, ಅದನ್ನೇ ಹಾಕ್ಕೊಳ್ಳಿ.

ಹೊಸ ಮಕ್ಕಳು ಬಂದ ದಿನ ಒಬ್ಬೊಬ್ಬರನ್ನೂ ಎಬ್ಬಿಸಿ "ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ?" ಅಂತ ಕೇಳ್ತೀರಲ್ಲ, ಇವತ್ತು ಅವಳನ್ನೂ ಕೇಳಿ. ಅವಳು ಜೋರಾಗೇ ಹೇಳ್ತಾಳೆ. ನೀವು ತಲೆ ತಗ್ಗಿಸಬೇಡಿ, ಅಷ್ಟೇ.

ಮಂಗಳಾ