ಶಾಕ್ ಅಬ್ಸಾರ್ಬರಿಗೆ ತೆಂಗಿನೆಣ್ಣೆ

ಇಚಿಲಂಪಾಡಿ
೧೨-೮-೧೯೬೩

ಸಕಲಗುಣಸಂಪನ್ನರಾದ ನಮ್ಮ ಯಜಮಾನರಿಗೆ,

ಗಂಡನಿಗೆ ಹೀಗೆ ಬರೆಯಬೇಕೆಂದು ಅಮ್ಮ ಹೇಳಿಕೊಟ್ಟದ್ದು. ನನ್ನ ಮನಸ್ಸಿಗೆ ಬಂದಂತೆ ಬರೆಯುವುದಾದರೆ ಒಂದೆರಡು ಗುಣ ಕಳೆದೇ ಬರೆಯಬೇಕಾಗಿತ್ತು. ಜನವರಿಯಿಂದ ಒಂದು ಸಾಲಿಲ್ಲ. ಈಗ ನಾಲ್ಕು ಹಾಳೆ ಬಂತು ಎಂದು ಆಸೆಯಿಂದ ಬಿಡಿಸಿದರೆ, ನಾಲ್ಕು ಹಾಳೆಯೂ ಶಾಕ್ ಅಬ್ಸಾರ್ಬರಿನ ಪುರಾಣ! "ಹೇಗಿದ್ದೀ" ಎಂದು ಕೇಳಿದ್ದು ಕೊನೆಯ ಹಾಳೆಯ ಅಂಚಿನಲ್ಲಿ, ಜಾಗ ಉಳಿದದ್ದಕ್ಕೆ. ಹೇಗಿದ್ದೇನೆ ಎಂದರೆ, ಉಣ್ಣುತ್ತೇನೆ, ನಿದ್ರೆ ಕಡಿಮೆ. ಎದೆಹಾಲು ಬತ್ತಲು ಒಂದು ತಿಂಗಳು ಹಿಡಿಯಿತು. ಕುಡಿಯುವವಳು ಇಲ್ಲವೆಂದು ಅದಕ್ಕೆ ಯಾರು ಹೇಳಬೇಕು?

ನಿಮ್ಮ ಪತ್ರವನ್ನು ಅಪ್ಪನೂ ಓದಿದರು. ಕನ್ನಡಕ ತೆಗೆದು, "ಎಂತ ಇದು, ಅಳಿಯ ಬರೆದದ್ದೋ ಮೋಟಾರು ಅಂಗಡಿಯವ ಬರೆದದ್ದೋ?" ಎಂದು ಕೇಳಿದರು. ನಾನು ನಕ್ಕೆ. ಇಷ್ಟು ತಿಂಗಳ ಮೇಲೆ ನಾನು ನಕ್ಕದ್ದು ನೋಡಿ ಅಮ್ಮ ಒಳಗೆ ಹೋಗಿ ಅತ್ತಳು.

ನನಗೆ ಮಾತ್ರ ಅರ್ಥವಾಗಿದೆ. ಮದ್ರಾಸಿನ ಅಂಗಡಿಯಲ್ಲಿ ಮೂರು ಬಗೆ ಉಂಟು, ಯಾವುದು ಹಾಕಿಸಲಿ ನೀನೇ ಹೇಳು, ನೀನು ಹೇಳದಿದ್ದರೆ ಇನ್ನು ಆ ಕಾರಿನಲ್ಲಿ ನನ್ನ ಪಕ್ಕ ಕೂರುವ ಮನಸ್ಸು ನಿನಗಿಲ್ಲವೆಂದು ತಿಳಿದುಕೊಂಡು ಕಾರನ್ನು ಮಾರಿ ನಾನೂ ಎಲ್ಲಿಗಾದರೂ ಹೋಗುತ್ತೇನೆ ಎಂದು ಬರೆದಿದ್ದೀರಿ. ಅಯ್ಯೋ ದೇವರೇ! "ಮನೆಗೆ ಬಾ" ಎನ್ನುವ ಎರಡು ಶಬ್ದಕ್ಕೆ ಇಷ್ಟು ಕಬ್ಬಿಣ ಬೇಕಾಯಿತೇ ನಿಮಗೆ?

ಅದರ ಮೇಲೆ "ಮಗುವನ್ನು ಕೊಂದವನು" ಎಂದು ನಿಮ್ಮನ್ನು ನೀವೇ ಕರೆದುಕೊಂಡಿದ್ದೀರಿ. ಅಪ್ಪ ಓದಿ ಮುಗಿಸಿದ ಕೂಡಲೇ ಆ ಸಾಲಿನ ಮೇಲೆ ನಾನು ಶಾಯಿ ಚೆಲ್ಲಿದೆ. ಇನ್ನೊಮ್ಮೆ ಹಾಗೆ ಬರೆದರೆ ಪತ್ರವನ್ನೇ ಒಲೆಗೆ ಹಾಕುತ್ತೇನೆ, ನೋಡಿ.

ಆ ಕಾರನ್ನು ಕಂಡರೆ ನನಗೆ ಎಂದೂ ದ್ವೇಷವಿರಲಿಲ್ಲ. ಮಡಿಕೇರಿಯ ಕಡೆಯ ಕಾಫಿ ತೋಟದ ಬಿಳಿ ದೊರೆ ತನ್ನ ಸೀಮೆಗೆ ಹಿಂತಿರುಗುವಾಗ ಬಿಟ್ಟುಕೊಟ್ಟ ಆ ಎರಡು ಸೀಟಿನ ಕೆಂಪು ಕಾರನ್ನು ನೀವು ಸುಳ್ಯದ ದಾರಿಯಾಗಿ ತಂದು ದರ್ಬೆಯ ನಮ್ಮ ಮನೆಯೆದುರು ನಿಲ್ಲಿಸಿದ ದಿನ ಅತ್ತೆ ಆರತಿ ಎತ್ತುತ್ತಾ, "ಉದಯ, ಇದರ ಮೇಲ್ಛಾವಣಿ ಎಲ್ಲಿ ಬಿದ್ದು ಹೋಯ್ತು?" ಎಂದು ಕೇಳಿದ್ದರು. ನೀವು ಮದುವೆಗಳಿಗೆ ಫೋಟೋ ತೆಗೆಯಲು ಹೋದರೆ ಜನ ಮದುಮಗನನ್ನು ಬಿಟ್ಟು ನಿಮ್ಮ ಕಾರನ್ನು ನೋಡುತ್ತಿದ್ದರು. ನನಗೂ ಹೆಮ್ಮೆಯೇ. ಆದರೆ ಓಟಕ್ಕೆಂದು ಮಾಡಿದ ಗಾಡಿ ಅದು, ಸುಖಕ್ಕೆಂದು ಮಾಡಿದ್ದಲ್ಲ. ರಸ್ತೆಯಲ್ಲಿ ಒಂದು ಗೋಟಡಿಕೆ ಬಿದ್ದಿದ್ದರೂ ಅದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಸೀಮಂತ ಕಳೆದು, ಧನು ತಿಂಗಳೂ ಮುಗಿದು, ಚೊಚ್ಚಲ ಬಾಣಂತನಕ್ಕೆ ನನ್ನನ್ನು ಇಲ್ಲಿಗೆ ಕಳುಹಿಸುವ ದಿನ ಗೊತ್ತಾದಾಗ ಅಪ್ಪ ಧರ್ಮಪಾಲನ ಟ್ಯಾಕ್ಸಿ ಹೇಳಿಟ್ಟಿದ್ದರು. ಬೇಡವೆಂದದ್ದು ನೀವು. ನಿಮ್ಮ ಹಿಂದೆ ನಿಂತು ಬೇಡವೆಂದದ್ದು ನಾನು. ಅದನ್ನು ಯಾಕೆ ಮರೆಯುತ್ತೀರಿ? ಬಸುರಿ ಆ ಕಾರಿನೊಳಗೆ ಕೂರುವುದೆಂದರೆ ಮಂಗಳೂರು ಸೌತೆಯನ್ನು ಸೀಸೆಗೆ ತುಂಬಿಸಿದ ಹಾಗೆ ಎಂದು ಅತ್ತೆ ಎಷ್ಟು ಹೇಳಿದರೂ ನಮ್ಮಿಬ್ಬರ ಕಿವಿಗೆ ಹೋಗಲಿಲ್ಲ.

ಹಳೆಯ ಶಾಕ್ ಅಬ್ಸಾರ್ಬರು ಸೋರಿ ಒಣಗಿತ್ತು. ಹೊಸತಕ್ಕೆ ಬರೆದದ್ದು ಬರಲಿಲ್ಲ. ಅದಕ್ಕೆ ಹಾಕುವ ಎಣ್ಣೆ ಮಂಗಳೂರಿನಲ್ಲಿಯೂ ಇರಲಿಲ್ಲ. ಆಗ ನೀವು ಕಬಕದ ಮೆಕ್ಯಾನಿಕ್ ಇಬ್ರಾಹಿಮನನ್ನು ಮನೆಗೇ ಕರೆತಂದು, ಅಂಗಳದಲ್ಲಿ ಇಬ್ಬರೂ ಕಾರಿನಡಿ ಮಲಗಿ ಪಂಚಾಯಿತಿ ಶುರುಮಾಡಿದಿರಿ. ಹರಳೆಣ್ಣೆ ಹಾಕಿದರೆ ಮೊದಲಿಗಿಂತ ಬಿರುಸು. ಎಳ್ಳೆಣ್ಣೆ ನಿಮಗೆ ಹಿಡಿಸಲಿಲ್ಲ. ಕೊನೆಗೆ ಗಾಣದ ತೆಂಗಿನೆಣ್ಣೆ. ಇಬ್ರಾಹಿಂ ತಲೆ ಕೆರೆದುಕೊಂಡು, "ಹಾಕಿ ನೋಡುವ ಮಾರಾಯ್ರೆ, ಎಣ್ಣೆ ಎಣ್ಣೆಯೇ ಅಲ್ವ, ಎಂತ ಆಗುದು?" ಎಂದನಂತೆ. ಶುಕ್ರವಾರ ಸುಡು ಮಧ್ಯಾಹ್ನ, ನಾನು ಕೂರಬೇಕಾದ ಸೀಟಿನಲ್ಲಿ ಮಜ್ಜಿಗೆ ತುಂಬಿದ ಚೆಂಬು ಇಟ್ಟುಕೊಂಡು ಕಬಕದವರೆಗೆ ಹೋಗಿ ಬಂದಿರಿ. ಒಂದು ತೊಟ್ಟು ಚೆಲ್ಲಿರಲಿಲ್ಲ. ಇಬ್ಬರೂ ಆ ಮಜ್ಜಿಗೆಯನ್ನು ಹಂಚಿಕೊಂಡು ಕುಡಿದಿರಿ. ಅಷ್ಟು ಸಂತೋಷದಲ್ಲಿ ನಿಮ್ಮನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

ಭಾನುವಾರ ಹೊರಟದ್ದು ಬೆಳಗಿನ ಮುಹೂರ್ತಕ್ಕೆ. ಮಕರ ತಿಂಗಳ ಚಳಿ, ಬಾಯಿ ತೆರೆದರೆ ಹಬೆ. ತಲೆಗೆ ಹಚ್ಚಿಕೊಳ್ಳಲು ತೆಂಗಿನೆಣ್ಣೆಯ ಕುಪ್ಪಿಯನ್ನು ನಾನೇ ಒಲೆಯ ಬದಿಗಿಟ್ಟು ಕರಗಿಸಿದ್ದೆ. ಅತ್ತೆ ಅದನ್ನು ನನ್ನ ಬೈತಲೆಗೆ ಒತ್ತಿದರು. ತೆಂಗಿನ ನಾಡಿನಲ್ಲಿ ಹುಟ್ಟಿದ ನಮಗೆ ಯಾರಿಗೂ, ಆ ಕುಪ್ಪಿಯನ್ನು ಕೈಯಲ್ಲಿ ಹಿಡಿದಾಗಲೂ, ಕಾರಿನ ಅಡಿಯಲ್ಲಿರುವ ಎಣ್ಣೆಯ ನೆನಪಾಗಲಿಲ್ಲ. ಇದಕ್ಕೆ ಯಾರನ್ನು ಬೈಯುವುದು? ಬೈಯುವುದಾದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಬೇಕು.

ಪುತ್ತೂರು ದಾಟುವ ಮೊದಲೇ ನನಗೆ ಗೊತ್ತಾಯಿತು. ಒಂದೊಂದು ಗುಂಡಿಗೂ ಸೊಂಟಕ್ಕೆ ಒನಕೆಯ ಪೆಟ್ಟು. ನೀವು ಕಾರು ನಿಲ್ಲಿಸಿ, ಅಡಿಗೆ ನುಗ್ಗಿ ಶಾಕ್ ಅಬ್ಸಾರ್ಬರಿನ ಮುಚ್ಚಳ ತೆರೆದಿರಿ. ಎದ್ದು ಬಂದಾಗ ನಿಮ್ಮ ಬೆರಳಿಗೆ ಬೆಣ್ಣೆಯಂತೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ ಅಂಟಿತ್ತು. ಮುಖವೂ ಹಾಗೆಯೇ ಬಿಳಿ. ಮತ್ತೆ ಮಲಗಿ ಆ ಕಬ್ಬಿಣವನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಲು ನೋಡಿದಿರಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಿಸಿಲೇರುವವರೆಗೆ ಕಾಯುವ ಎಂದಿರಿ. ಬೇಡ, ಹೋಗುವ, ಓಡುವಾಗ ತನ್ನಷ್ಟಕ್ಕೆ ಕರಗುತ್ತದೆ ಎಂದು ಒತ್ತಾಯ ಮಾಡಿದವಳು ನಾನು. ಆ ಒತ್ತಾಯ ಯಾಕೆಂದು ನೀವು ಇವತ್ತಿಗೂ ಕೇಳಲಿಲ್ಲ. ಇರಲಿ.

ಆಲಂಕಾರು, ಕಡಬ ದಾಟಿ ಇಲ್ಲಿಗೆ ಮುಟ್ಟುವಾಗ ನನಗೆ ನೋವು ಶುರುವಾಗಿತ್ತು. ಮುಂದಿನದನ್ನು ನೀವು ಜಗಲಿಯಲ್ಲಿ ಕೂತು ಕೇಳಿದ್ದೀರಿ. ಕೇಳಲು ಕಾದ ಮಗುವಿನ ಅಳು ಮಾತ್ರ ಕೇಳಲಿಲ್ಲ. ಹೆಣ್ಣುಮಗು. ನಿಮ್ಮ ಹಾಗೆಯೇ ಗಲ್ಲದಲ್ಲಿ ಕುಳಿ ಇತ್ತು. ಸೂಲಗಿತ್ತಿ ಚೆನ್ನು ಬಟ್ಟೆ ಸುತ್ತಿ ತಂದಾಗ ನೀವು ಮುಖ ತಿರುಗಿಸಿದಿರಂತೆ, ಅದಕ್ಕೇ ಹೇಳುತ್ತಿದ್ದೇನೆ. ಮಾರನೆಯ ಬೆಳಿಗ್ಗೆ ನನಗೊಂದು ಮಾತು ಹೇಳದೆ ಹೊರಟುಹೋದಿರಿ. ಗೇಟಿನ ಹತ್ತಿರ ಕಾರು ಕೆಮ್ಮಿದ್ದು ಕೇಳಿಯೇ ನನಗೆ ತಿಳಿದದ್ದು. ನನಗೆ ಸಿಟ್ಟಿರುವುದು ಅದಕ್ಕೆ. ಎಣ್ಣೆಗಲ್ಲ, ಕಾರಿಗಲ್ಲ. ಮಗುವನ್ನು ಕಳೆದುಕೊಂಡವಳನ್ನು ಗಂಡನೂ ಬಿಟ್ಟು ಹೋದರೆ ಅವಳು ಯಾರ ಹೆಗಲ ಮೇಲೆ ಅಳಬೇಕು? ಗೋಡೆಗೆ ತಲೆಯಿಟ್ಟು ಅತ್ತಿದ್ದೇನೆ.

ಅಮ್ಮ ಈಗಲೂ, "ಧರ್ಮಪಾಲನ ಟ್ಯಾಕ್ಸಿಯಲ್ಲಿ ಬಂದಿದ್ರೆ..." ಎಂದು ಶುರುಮಾಡುತ್ತಾಳೆ. ನಾನು ಎದ್ದು ಹೋಗುತ್ತೇನೆ. ಅತ್ತೆ ಕಳೆದ ತಿಂಗಳು ಬಸ್ಸು ಹಿಡಿದು ಬಂದಿದ್ದರು. ನೀವು ಸ್ಟುಡಿಯೋ ಬೀಗ ತೆಗೆಯುವುದಿಲ್ಲ, ಊಟದ ಎದುರು ಕೂತು ಎದ್ದು ಹೋಗುತ್ತೀರಿ, ಕಾರಿನ ಮೇಲೆ ಗೋಣಿ ಹೊದಿಸಿದ್ದೀರಿ ಎಂದರು. "ಒಬ್ಬ ಮಗನಾದ್ರೂ ಉಳಿಯಲಿ ಮಗಾ" ಎಂದು ನನ್ನ ಕೈ ಹಿಡಿದರು. ಅತ್ತೆಯ ಕೈ ಅಷ್ಟು ಸಣ್ಣಗಾದದ್ದು ನಾನು ನೋಡಿರಲಿಲ್ಲ.

ಆದ್ದರಿಂದ ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ, ಸರಿಯಾಗಿ ಓದಿ. ಮೊದಲನೆಯದು, ಈಗಿರುವ ಹಾಗೆಯೇ ತೋಳು ಇರುವಂಥದ್ದು, ಹೊಸತು. ಕಾರಿಗೆ ಹೇಳಿ ಮಾಡಿಸಿದ್ದು, ತಿರುವಿನಲ್ಲಿ ನೆಲ ಬಿಡುವುದಿಲ್ಲ, ಆದರೆ ಬಿರುಸು ಎಂದು ನೀವೇ ಬರೆದಿದ್ದೀರಿ. ಅದು ಬೇಡ. ನಾವು ಓಟದ ಪಂದ್ಯಕ್ಕೆ ಹೋಗುವವರಲ್ಲ. ಎರಡನೆಯದು, ತಿರುಪು ತಿರುಗಿಸಿ ಬೇಕಾದಾಗ ಮೆತ್ತಗೆ, ಬೇಕಾದಾಗ ಗಟ್ಟಿ ಮಾಡುವಂಥದ್ದು. ಅದು ನಿಮ್ಮ ಕೈಗೆ ಸಿಕ್ಕಿದರೆ ಮುಗಿಯಿತು, ಕಡಬಕ್ಕೆ ಹೋಗುವುದರೊಳಗೆ ಹತ್ತು ಸಲ ಇಳಿದು ತಿರುಗಿಸುತ್ತೀರಿ, ನಾನು ರಸ್ತೆಬದಿ ಕೂತು ಎಲೆಅಡಿಕೆ ಹಾಕಿಕೊಳ್ಳಬೇಕು. ಮೂರನೆಯದು, ಕೊಳವೆಯಂಥ ಹೊಸ ಮಾದರಿ. ಕಾರಿನಡಿಯ ಚೌಕಟ್ಟಿಗೆ ಕಬ್ಬಿಣದ ತುಂಡು ಬೆಸೆಯಬೇಕು, ತಿರುವಿನಲ್ಲಿ ಸ್ವಲ್ಪ ವಾಲುತ್ತದೆ, ವೇಗ ತಗ್ಗಿಸಬೇಕಾಗುತ್ತದೆ, ಆದರೆ ಕೂತವರಿಗೆ ಸುಖ. ಅದನ್ನೇ ಹಾಕಿಸಿ. ವಾಲಿದರೆ ವಾಲಲಿ, ನಿಧಾನ ಹೋಗುವ. ಅದರೊಳಗಿನ ಎಣ್ಣೆ ಅಂಗಡಿಯವರು ತುಂಬಿ ಮುಚ್ಚಿದ್ದೇ ಇರಲಿ, ಇಬ್ರಾಹಿಮನೂ ನೀವೂ ಕೈಹಾಕಬೇಡಿ.

ಅದನ್ನು ಹಾಕಿಸಿಕೊಂಡು ಬನ್ನಿ. ಶಾಕ್ ಅಬ್ಸಾರ್ಬರು ಬರುವುದು ತಡವಾಗುವುದಾದರೆ ಬಸ್ಸಿನಲ್ಲಿ ಬನ್ನಿ, ನಡೆದುಕೊಂಡು ಬನ್ನಿ. ನನಗೆ ನಿಮ್ಮನ್ನು ನೋಡಬೇಕು.

ಅತ್ತೆಗೆ ನಮಸ್ಕಾರ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ದಾರಿ ನೋಡುತ್ತಿರುವ,
ಶಂಕರಿ

ತಾ.ಕ.: ಮಡಚಿದ ಪತ್ರವನ್ನು ಪುನಃ ಬಿಡಿಸಿದ್ದೇನೆ. ಇಷ್ಟು ಬರೆದೂ ಒಂದನ್ನು ಬರೆಯಲಿಲ್ಲ. ಮಗು ಅಲುಗಾಡುವುದು ನಿಂತದ್ದು ಶುಕ್ರವಾರ ಬೆಳಿಗ್ಗೆ. ನಾವು ಹೊರಟದ್ದು ಭಾನುವಾರ. ಹೇಳಬೇಕೆಂದೇ ನಾನು ಶುಕ್ರವಾರ ಅಂಗಳಕ್ಕೆ ಬಂದಿದ್ದೆ. ನೀವು ಮುಖವೆಲ್ಲಾ ಎಣ್ಣೆ ಮಾಡಿಕೊಂಡು, "ಇನ್ನು ನಿನ್ನನ್ನು ಹೂವಿನ ಹಾಗೆ ಕರ್ಕೊಂಡು ಹೋಗುದು ನೋಡು" ಎಂದು ನಕ್ಕಿರಿ. ನಾನು ಹೇಳದೆಯೇ ಒಳಗೆ ಹೋದೆ. ನಿದ್ರೆ ಮಾಡುತ್ತಿರಬೇಕು, ಅಮ್ಮನ ಮನೆಗೆ ಮುಟ್ಟಿದರೆ ಎದ್ದೀತು ಎಂದುಕೊಂಡೆ. ಮಗುವನ್ನು ಕೈಗೆತ್ತಿಕೊಂಡ ಕೂಡಲೇ ಚೆನ್ನು, "ಅಕ್ಕಾ, ಇದು ಇವತ್ತು ಹೋದದ್ದಲ್ಲ" ಎಂದಳು. ಯಾರಿಗೂ ಹೇಳಬೇಡವೆಂದು ನಾನೇ ಅವಳ ಕಾಲು ಹಿಡಿದೆ. ಎರಡು ದಿನ ನಿನ್ನ ಬಾಯಿಗೆ ಎಂತ ಆಗಿತ್ತು ಎಂದು ಎಲ್ಲರೂ ಕೇಳಿಯಾರೆಂಬ ಹೆದರಿಕೆ. ತಪ್ಪು ಕಾರಿನ ಮೇಲೆ ಹೋಗಲಿ ಎಂದು ಸುಮ್ಮನಿದ್ದೆ. ಅದು ನಿಮ್ಮ ಮೇಲೆ ಬಂದದ್ದನ್ನು ನೋಡಿಯೂ ಸುಮ್ಮನಿದ್ದೆ. ಇದನ್ನು ಓದಿದ ಮೇಲೂ ನಿಮಗೆ ನಾನು ಬೇಕೆನಿಸಿದರೆ ಬನ್ನಿ.