ಕ್ಯಾಂಟೀನ್ ಗೋಡೆಯ ಹದಿನಾಲ್ಕು ಮುಖ

ಫೆಬ್ರವರಿ 3, 2025. ಸೋಮವಾರ

ನಾಲ್ಕನೇ ಶೆಡ್ಡಿನ ಶೀಟು ಇಳಿಸಿ ಮುಗಿಯಿತು. ಪಕ್ಕದ ಮನೆಯವರಿಂದ ಮತ್ತೆ ಧೂಳಿನ ಜಗಳ. ಟ್ಯಾಂಕರ್ ಎರಡು ಸಲ ನೀರು ಹೊಡೆದರೂ ಸಾಲದು. ರಾಜಾಜಿನಗರದಲ್ಲಿ ಹಳೆ ವಾಲ್ವ್ ಫ್ಯಾಕ್ಟರಿ ಕೆಡವುವುದೆಂದರೆ ಅರ್ಧ ಇಂಜಿನಿಯರಿಂಗ್, ಅರ್ಧ ಕೈಮುಗಿಯುವುದು. ಉಳಿದಿರುವುದು ಕ್ಯಾಂಟೀನ್ ಒಂದೇ. ಹದಿನೇಳಕ್ಕೆ ನೆಲ ಸಮ ಆಗಿರಬೇಕು ಎಂದು ವೆಂಕಟಗಿರಿ ಸಾರ್ ಬೆಳಿಗ್ಗೆಯೇ ಫೋನು. ಆರು ವರ್ಷದಿಂದ ಅವರ ಕೈಕೆಳಗಿದ್ದೇನೆ. ಒಂದು ಡೇಟೂ ತಪ್ಪಿಸಿದ ಕಾಂಟ್ರಾಕ್ಟರ್ ಅಲ್ಲ.

ಗೋಡೆಯ ದಪ್ಪ ನೋಡಲು ಉಳಿ ಇಟ್ಟು ಬಡಿದೆ. ಸುಣ್ಣದ ಹಕ್ಕಳೆ ಒಂದು ತಟ್ಟೆಯಗಲ ಉದುರಿತು. ಒಳಗೆ ನೀಲಿ. ನೀಲಿಯಲ್ಲಿ ಒಂದು ಬೆರಳು.

ಬ್ರೇಕರ್ ನಡೆಸುವ ರೇವಣಸಿದ್ದ ಮೆಷಿನ್ ಆಫ್ ಮಾಡಿ ಇಳಿದು ಬಂದ.

"ಮೇಡಂ, ಒಳಗ ಯಾವ್ದೋ ದೇವ್ರು ಇದ್ದಂಗ ಐತ್ರಿ. ದೇವ್ರಿದ್ರ ನಾ ಕೈ ಹಚ್ಚಂಗಿಲ್ಲ ನೋಡ್ರಿ."

ದೇವರಲ್ಲ ಎಂದು ತೋರಿಸುವ ಕೆಲಸ ಈಗ ನನಗೆ.

ಫೆ. 4, ಮಂಗಳವಾರ. ಊಟದ ಹೊತ್ತು

ಪುಟ್ಟಿ ಬ್ಲೇಡಿನಿಂದ ಕೆರೆದೆ. ಅವಸರಕ್ಕೆ ಚಿತ್ರದ ಬೆರಳಿನ ಒಂದು ಗೆಣ್ಣು ಹಾರಿಹೋಯಿತು. ಬಿಸಿ ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡೆ. ಆಮೇಲೆ ಸ್ಪಂಜು, ಬೆಚ್ಚನೆ ನೀರು. ಸುಣ್ಣ ಸುಲಭವಾಗಿ ಬಿಡುತ್ತಿದೆ, ವಿಚಿತ್ರ.

ದೇವರಲ್ಲ. ಸ್ಟೀಲ್ ಲೋಟ ಹಿಡಿದ ಕೈ. ಗ್ರೀಸ್ ಮೆತ್ತಿದ ಉಗುರು. ಅದರಾಚೆ ಇನ್ನೊಂದು ಕೈ.

ರೇವಣಸಿದ್ದನಿಗೆ ಹೇಳಿದೆ. "ಹಂಗಾರ ಒಡೀಲೇನ್ರಿ?" ಎಂದ. ಬೇಡ, ಕ್ಯಾಂಟೀನಿನ ಸ್ಟೋರ್ ರೂಮ್ ಕಡೆ ಹೋಗು ಎಂದೆ. ಯಾಕೆ ಹಾಗೆಂದೆನೋ.

ಫೆ. 6, ಗುರುವಾರ

ಎರಡು ದಿನದ ಊಟದ ಬಿಡುವು ಪೂರ್ತಿ ಇದಕ್ಕೇ. ಹದಿನಾಲ್ಕು ಅಡಿ ಉದ್ದ, ಏಳು ಅಡಿ ಎತ್ತರ. ಉದ್ದನೆಯ ಟೇಬಲ್ಲು, ಹದಿನಾಲ್ಕು ಜನ, ಟೀ ಹೊತ್ತು. ಯಾರೂ ನಗುತ್ತಿಲ್ಲ, ಯಾರೂ ಪೋಸು ಕೊಟ್ಟಿಲ್ಲ. ಆದರೆ ಎಲ್ಲರೂ ನೇರ ನನ್ನನ್ನೇ ನೋಡುತ್ತಿದ್ದಾರೆ. ಬೆನ್ನು ತಿರುಗಿಸಿ ಟೇಪು ಹಿಡಿಯಲು ಕಷ್ಟವಾಯಿತು.

ಬಲಗಡೆ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರ: ಜಿ. ಎಕ್‌ಮಾರ್ಕ್, 71.

ಚಂದ್ರಾ ಲೇಔಟಿನ ರೂಮಿಗೆ ಬಂದು ನೆಟ್ಟಿನಲ್ಲಿ ಹೆಸರು ಹುಡುಕಿದೆ. ಒಂದೇ ಒಂದು ಪೇಜು ಸಿಕ್ಕಿತು. ಸ್ವೀಡನ್ನಿನ ಯಾವುದೋ ಸಣ್ಣ ಊರಿನ ಮ್ಯೂಸಿಯಂ. ಗುನ್‌ವೊರ್ ಎಕ್‌ಮಾರ್ಕ್, ಹೆಂಗಸು. ಗಂಡ ಮೆಷಿನ್ ಕೂರಿಸುವ ಇಂಜಿನಿಯರ್. 1970ರಿಂದ 72 ಇಂಡಿಯಾದಲ್ಲಿ, ಅಷ್ಟೇ ಒಂದು ಸಾಲು. ತೀರಿಕೊಂಡದ್ದು 1989. ಹನ್ನೊಂದು ಚಿತ್ರದ ಫೋಟೋ.

ಮೊದಲು ನಿರಾಸೆ. ಹಿಮ, ಅಡುಗೆಮನೆ, ಬೆನ್ನು ತಿರುಗಿಸಿ ಪಾತ್ರೆ ತೊಳೆಯುವ ಹೆಂಗಸು. ಇಷ್ಟೇನಾ? ಮತ್ತೆ ನೋಡಿದೆ. ಎಲ್ಲೂ ಕಪ್ಪೇ ಇಲ್ಲ. ನೆರಳೆಲ್ಲ ನೀಲಿ, ಇಲ್ಲವೆ ಹಸಿರು ಮಿಶ್ರ ಬೂದು. ಒಂದು ಚಿತ್ರದಲ್ಲಿ ಖಾಲಿ ಕುರ್ಚಿ ಮಾತ್ರ. ಆದರೆ ಈಗತಾನೆ ಯಾರೋ ಎದ್ದು ಹೋಗಿದ್ದಾರೆ ಎಂದು ಗೊತ್ತಾಗುತ್ತದೆ. ಹೇಗೆ ಗೊತ್ತಾಗುತ್ತದೆ? ಸೀಟಿನ ಬಟ್ಟೆಯ ಸುಕ್ಕು. ಅಷ್ಟೇ. ಅಷ್ಟು ಸಾಕು ಆ ಹೆಂಗಸಿಗೆ.

ಹನ್ನೊಂದರಲ್ಲೂ ಒಂದೇ ಒಂದು ಮುಖವಿಲ್ಲ. ನಮ್ಮ ಗೋಡೆಯಲ್ಲಿ ಹದಿನಾಲ್ಕು.

ಮ್ಯೂಸಿಯಮ್ಮಿಗೆ ಫೋಟೋ ಸಮೇತ ಇಮೇಲ್ ಕಳಿಸಿದೆ. ಸಾರ್‌ಗೆ ಹೇಳಿಲ್ಲ.

ಫೆ. 8, ಶನಿವಾರ

ಗೇಟಿನ ಎದುರು ಹೂ ಮಾರುವ ಅಜ್ಜಿ ಇವತ್ತು ಒಳಗೇ ಬಂದುಬಿಟ್ಟರು. ಹೆಸರು ಹನುಮಕ್ಕ, ಕುರುಬರಹಳ್ಳಿಯವರು. ಹತ್ತೊಂಬತ್ತನೇ ವಯಸ್ಸಿಗೆ ಈ ಕ್ಯಾಂಟೀನಿಗೆ ಸೇರಿದವರಂತೆ. ಹೆಲ್ಮೆಟ್ ಹಾಕಿಸಿ ಕರೆದುಕೊಂಡು ಹೋದೆ.

ಗೋಡೆಯ ಮುಂದೆ ನಿಂತರು. ಎಡದಿಂದ ಮೂರನೆಯವಳು, ಕೆಟಲ್ ಹಿಡಿದವಳು — ಆ ಹುಬ್ಬು, ಆ ಗಲ್ಲ. ಕೇಳಬೇಕಾಗಲಿಲ್ಲ.

"ಬಿಳಿ ಅಮ್ಮ ಅಂತಿದ್ವಿ. ಭಾಷೆ ಬರ್ತಿರ್ಲಿಲ್ಲ. ಮೊದಲನೇ ತಿಂಗ್ಳು ಏನೂ ಬರೀಲೇ ಇಲ್ಲ ಕಣಮ್ಮ. ದಿನಾ ಬಂದು ನನ್ ಜೊತೆ ಲೋಟ ತೊಳೆಯೋರು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ನೋಡೋರು. ಹಂಗೆ ನಮ್ಮನ್ನ ಯಾರ್ ನೋಡಿದ್ರು ಅವಾಗ?"

ಸುಣ್ಣ ಬಳಿದವರು ಯಾರು ಎಂದೆ.

"ನಾನೇ."

ಎಪ್ಪತ್ತೆಂಟರ ಸ್ಟ್ರೈಕ್ ಆದ ಮೇಲೆ ಬಂದ ಹೊಸ ಮ್ಯಾನೇಜರು, ಯೂನಿಯನ್ನಿನ ಬೈರಯ್ಯನ ಮುಖ ಒಂದನ್ನು ಅಳಿಸಿ ಎಂದನಂತೆ. ಅವನು ಬೈರಯ್ಯನನ್ನು ಕಂಡವನಲ್ಲ. ಯಾವುದು ಎಂದು ಕೇಳಿದ್ದಾನೆ. ಇಡೀ ಕ್ಯಾಂಟೀನಿನಲ್ಲಿ ಒಬ್ಬರೂ ಬೆರಳು ತೋರಿಸಲಿಲ್ಲ.

"ಹಂಗಾದ್ರೆ ಎಲ್ಲಾ ಬಳೀರಿ ಅಂದ. ಬ್ರಷ್ಷು ನನ್ ಕೈಗ್ ಕೊಟ್ಟ. ಸುಣ್ಣಕ್ಕೆ ಗೋಂದು ಹಾಕ್ಲಿಲ್ಲ ನಾನು. ಎಣ್ಣೆ ಬಣ್ಣದ ಮೇಲೆ ಹಸಿ ಸುಣ್ಣ ನಿಲ್ಲಲ್ಲ, ಯಾವತ್ತಾದ್ರೂ ಉದುರ್ತದೆ ಅಂತ ಗೊತ್ತಿತ್ತು."

ಆರು ವರ್ಷ. ನಲವತ್ತಕ್ಕೂ ಹೆಚ್ಚು ಕಟ್ಟಡ. ಎಷ್ಟು ಗೋಡೆಗಳನ್ನು ನೋಡದೆ ಕೆಡವಿದೆನೋ.

ಫೆ. 10, ಸೋಮವಾರ

ಸಾರ್‌ಗೆ ಹೇಳಿದೆ. ಕಾರಿನಿಂದ ಇಳಿಯಲೇ ಇಲ್ಲ.

"ಮಾಲವಿಕಾ, ನಾವು ಕೆಡವೋರಮ್ಮ. ಕಾಪಾಡೋರು ಬೇರೆ ಇದಾರೆ."

"ಅವರ್ಯಾರೂ ಇಲ್ಲಿಗೆ ಬಂದಿಲ್ಲ ಸಾರ್."

"ಬಂದ್ರೆ ಇನ್ನೂ ಕಷ್ಟ. ಪೇಪರ್ನೋರು, ಕೋರ್ಟು, ಸ್ಟೇ. ಬಿಲ್ಡರ್ ನನ್ನ ಇನ್ನೊಂದು ಸೈಟಿಗೆ ಕರೀತಾನಾ? ಫೋಟೋ ಗೀಟೋ ಹೊರಗೆ ಹೋಗಿಲ್ಲ ತಾನೆ?"

ಸುಳ್ಳು ಹೇಳಬಹುದಿತ್ತು. "ಸ್ವೀಡನ್ನಿಗೆ ಹೋಗಿದೆ ಸಾರ್" ಎಂದೆ.

ಕಣ್ಣು ಮುಚ್ಚಿಕೊಂಡರು. "ಸೋಮವಾರದವರೆಗೆ ಬಿಡಲ್ಲ. ಆ ಗೋಡೆ ಶುಕ್ರವಾರವೇ ಬೀಳ್ಬೇಕು. ನೀನೇ ನಿಂತು ಬೀಳ್ಸು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವರನ್ನ ಕಳಿಸ್ತೀನಿ."

ನಾನು ಹೇಳಿ ಮೂರು ದಿನ ಕಳೆದುಕೊಂಡೆ.

ಫೆ. 11, ಮಂಗಳವಾರ

ಸ್ವೀಡನ್ನಿನಿಂದ ಉತ್ತರ. ಬಿರ್ಗಿತ್ ಎಂಬಾಕೆ, ಮ್ಯೂಸಿಯಮ್ಮಿನ ಏಕಮಾತ್ರ ಉದ್ಯೋಗಿ. ಗುನ್‌ವೊರ್ ಇಂಡಿಯಾದಲ್ಲಿ ಕುಂಚ ಮುಟ್ಟಲೇ ಇಲ್ಲ ಎಂದೇ ಎಲ್ಲರೂ ತಿಳಿದಿದ್ದರಂತೆ. ತಂಗಿಗೆ ಬರೆದ ಒಂದು ಕಾಗದದಲ್ಲಿ ಮಾತ್ರ ಹೀಗಿದೆಯಂತೆ: "ಇಲ್ಲಿಯ ಜನ ನನ್ನನ್ನು ತಿರುಗಿ ನೋಡುತ್ತಾರೆ. ಅದರಿಂದ ನನಗೂ ಧೈರ್ಯ ಬಂತು." ಏನರ್ಥ ಎಂದು ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ, ನಿಮ್ಮ ಫೋಟೋ ನೋಡಿ ಅತ್ತುಬಿಟ್ಟೆ ಎಂದು ಬರೆದಿದ್ದಾರೆ. ಮೇ ತಿಂಗಳಲ್ಲಿ ಕಮಿಟಿ ಸೇರುತ್ತದೆ. ಅಲ್ಲಿಯವರೆಗೆ ದಯವಿಟ್ಟು ಕಾಯಿರಿ.

ಮೇ! ನನ್ನ ಹತ್ತಿರ ಇರುವುದು ಮೂರು ದಿನ.

ಫೆ. 12, ಬುಧವಾರ

ಲೆಕ್ಕ ಹಾಕಿದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಸುಮಾರು ನಾಲ್ಕು ಟನ್. ನಮ್ಮ ಹೈಡ್ರಾ ಕ್ರೇನ್ ಎತ್ತುತ್ತದೆ. ಎರಡೂ ಕಡೆ ಫೋಮ್, ಪ್ಲೈವುಡ್, ಬೋಲ್ಟು. ಬುಡ ಕುಯ್ಯುತ್ತ ಹೋದ ಹಾಗೆ ಕೆಳಗೆ ಭಾರ ಹೊರಲು ಕಬ್ಬಿಣದ ಚಾನಲ್ ತೊಲೆ ತೂರಿಸಬೇಕು. ಕಾಂಕ್ರೀಟ್ ಆಗಿದ್ದರೆ ಧೈರ್ಯವಿತ್ತು. ಐವತ್ತು ವರ್ಷದ ಗಾರೆ ಎಲ್ಲಿ ಬಾಯಿ ಬಿಡುತ್ತದೋ ಹೇಳಲಾಗದು.

ಇಡುವ ಜಾಗ ಹನುಮಕ್ಕ ಗೊತ್ತುಮಾಡಿದ್ದಾರೆ. ಕುರುಬರಹಳ್ಳಿಯಲ್ಲಿ ಹಳೆ ಕಾರ್ಮಿಕರ ಸಂಘದ ಶೆಡ್ಡು.

ಸಂಜೆ ನಾಲ್ಕಕ್ಕೆ ಸಾರ್ ಬಂದರು. ಬೈಯಲೆಂದೇ ಬಂದಿದ್ದರು. ಗೋಡೆಯ ಮುಂದೆ ಬೈಗುಳ ನಿಂತಿತು. ಒಂದೊಂದು ಮುಖಕ್ಕೂ ನಿಂತು ನಿಂತು ಮುಂದೆ ಹೋದರು. ಕಥೆ ಹೇಳಿದೆ, ಗೋಡೆ ಎತ್ತುವ ಲೆಕ್ಕವನ್ನೂ ಹೇಳಿದೆ. ಪಕ್ಕದಲ್ಲೇ ನಿಂತಿದ್ದ ಹನುಮಕ್ಕನ ಕಡೆ ತಿರುಗಿದರು.

"ಇದ್ರಲ್ಲಿ ಬೈರಯ್ಯ ಯಾರಮ್ಮ?"

ಹನುಮಕ್ಕ ಸೆರಗು ಸರಿಮಾಡಿಕೊಂಡರು. "ಗೊತ್ತಿಲ್ಲ ಸಾರ್."

ಸಾರ್ ನಕ್ಕೇಬಿಟ್ಟರು. ಆಮೇಲೆ ನಗು ನಿಂತಿತು. ನನ್ನನ್ನು ನೋಡದೆಯೇ ಹೇಳಿದರು: "ಶುಕ್ರವಾರ ಮಧ್ಯಾಹ್ನ ಹನ್ನೆರಡು. ಅಷ್ಟರೊಳಗೆ ಎತ್ಕೊಂಡ್ ಹೋದ್ರೆ ನಿಂದು. ಹನ್ನೆರಡೂ ಒಂದಕ್ಕೆ ಬ್ರೇಕರು."

ಫೆ. 14, ಶುಕ್ರವಾರ. ಬೆಳಿಗ್ಗೆ 6:40

ಪ್ಲೈವುಡ್ ಮುಚ್ಚುವ ಮುನ್ನ ಕೊನೆಯದಾಗಿ ನೋಡಿದೆ. ಕೆಟಲಿನ ಹೊಟ್ಟೆಯಲ್ಲಿ ಕಿಟಕಿ ಹೊಳೆಯುತ್ತಿದೆ, ಒಂದು ಅಕ್ಕಿಕಾಳಿನಷ್ಟು ಬಿಳಿ. ಹತ್ತು ದಿನ ನೋಡಿದ್ದೇನೆ, ಇದನ್ನು ಕಂಡಿರಲಿಲ್ಲ.

9:15

ಬಲ ಅರ್ಧ ಬುಡ ಬಿಟ್ಟಿದೆ. ಐದು ಚಾನಲ್ ಕೂತವು. ಕಟರಿನ ನೀರು ಒಳಗೆ ನುಗ್ಗುತ್ತಿದೆಯೋ ಏನೋ. ತೆಗೆದು ನೋಡುವ ಹಾಗಿಲ್ಲ.

10:50

ಎಡಗಡೆ ಶಬ್ದ. ಕಟರ್ ನಿಲ್ಲಿಸಿದೆವು. ಮೇಲಿನಿಂದ ಕೆಳಗೆ ಕೂದಲೆಳೆ ಬಿರುಕು. "ಮೇಡಂ, ಇದು ಎರಡಾಗತೈತ್ರಿ. ಒಂದಾರ ಉಳಿಸ್ಕೋರಿ" ಎಂದ ರೇವಣಸಿದ್ದ. ಬಿರುಕಿನ ಗುಂಟ ಕುಯ್ದರೆ ಬಲಭಾಗ ಗ್ಯಾರಂಟಿ. ಕುಯ್ಯದಿದ್ದರೆ ಎಲ್ಲ, ಇಲ್ಲವೆ ಏನೂ ಇಲ್ಲ. ಎಡಭಾಗದಲ್ಲಿ ಹನುಮಕ್ಕನ ಮುಖ ಇದೆ.

ಅವರನ್ನೇ ಕೇಳಿದೆ.

"ಕುಯ್ಯಮ್ಮ. ನಾನು ಇಲ್ಲೇ ನಿಂತಿದೀನಲ್ಲ."

ಫೆ. 16, ಭಾನುವಾರ. ಕುರುಬರಹಳ್ಳಿ

ನಿನ್ನೆ ಬರೆಯಲು ಆಗಲಿಲ್ಲ.

ಶುಕ್ರವಾರ 11:35ಕ್ಕೆ ಬಲಭಾಗ ನೆಲ ಬಿಟ್ಟಿತು. ಎಡಭಾಗ ಎತ್ತುವಾಗ ಕ್ರೇನಿನ ಬೆಲ್ಟು ಬಿಗಿಯಾದದ್ದೇ ತಡ, ಪ್ಲೈವುಡ್ಡಿನೊಳಗೇ ಕುಸಿಯಿತು. ಐದು ಮುಖ ಹೋದವು. ತಪ್ಪು ನನ್ನ ಲೆಕ್ಕದ್ದು, ಎಡಕ್ಕೆ ಇನ್ನೂ ಎರಡು ಚಾನಲ್ ಬೇಕಿತ್ತು. ಸಾರ್ ಲಾರಿಗೆ ತಾವೇ ದಾರಿ ಬಿಡಿಸಿಕೊಟ್ಟರು. ಹನುಮಕ್ಕ ಗಾರೆಯ ಚೂರು ಆಯ್ದು ಗೋಣಿಗೆ ತುಂಬುತ್ತಿದ್ದರು. ಅಳಲಿಲ್ಲ. ನಾನು ಅತ್ತೆ.

ಒಂಬತ್ತು ಮುಖ ಈಗ ಸಂಘದ ಶೆಡ್ಡಿನಲ್ಲಿ ಗೋಡೆಗೊರಗಿ ನಿಂತಿವೆ. ಬಣ್ಣಕ್ಕೆ ಕಟರಿನ ನೀರು ಇಳಿದಿಲ್ಲ. ಬೆಳಿಗ್ಗೆಯಿಂದ ಹಳೆಯ ಕೆಲಸಗಾರರು ಬರುತ್ತಿದ್ದಾರೆ. ಕೈ ನೋಡಿಯೇ ಯಾರೆಂದು ಹೇಳುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಲೇತಿನವನ ಹೆಬ್ಬೆರಳು, ಪೇಂಟ್ ಶಾಪಿನವನ ಉಗುರು. ಗುನ್‌ವೊರ್ ಅಷ್ಟು ನೋಡಿದ್ದಾರೆ.

ಚಿತ್ರದವರ ಹೆಸರೆಲ್ಲ ಬೇಕೆಂದು ಬಿರ್ಗಿತ್ ಬರೆದಿದ್ದಾರೆ. ಹೋದವರದೂ ಸೇರಿಸಿ ಹದಿನಾಲ್ಕೂ ಬರಿ ಎಂದು ಹನುಮಕ್ಕ ಪಕ್ಕದಲ್ಲೇ ಕೂತಿದ್ದಾರೆ. ಬೇರೆ ಕಾಗದವಿಲ್ಲ, ಇಲ್ಲೇ ಬರೆಯುತ್ತೇನೆ. ಎಡದಿಂದ.

ಒಂದು, ದುಂಡೇಶ, ಫೌಂಡ್ರಿ. ಎರಡು, ಚಿಕ್ಕಮುನಿಯಪ್ಪ, ಲೇತ್. ಮೂರು, ಹನುಮಕ್ಕ, ಕ್ಯಾಂಟೀನ್. "ಬರೀ ಕ್ಯಾಂಟೀನ್ ಅಂದ್ರೆ ಹೆಂಗಮ್ಮ? ಟೀ ಅಂತ ಹಾಕು." ಟೀ. ನಾಲ್ಕು, ಚನ್ನವೀರಪ್ಪ, ಪ್ಯಾಕಿಂಗ್. ಐದು, ಇವರ ಹೆಸರಿಗೆ ನನ್ನ ಹಿಂದೆ ಫೋನಿನ ಫೋಟೋ ನೋಡಿ ಜಗಳ ನಡೆಯುತ್ತಿದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ತಡಿ, ಅವರ ಮಗಳೇ ಬಂದಳು ಎನ್ನುತ್ತಿದ್ದಾರೆ. ಐದು,